ಚೀನಾದ ಸಿಂಹಾಸನ ಮತ್ತು ನಮ್ಮ ಹೊಲಿಗೆ ಟೀಚರು

ನಮ್ಮ ಹೊಲಿಗೆ ಟೀಚರಿಗೆ ಚೀನೀ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಸುಮಾರು ಐದು ತಿಂಗಳ ಕಾಲ, ಚೀನಾದ ಸಿಂಹಾಸನಕ್ಕೆ ಯಾರು ಬರಬೇಕು, ಯಾರು ಬರಬಾರದು ಎಂಬ ವಿಷಯದಲ್ಲಿ ಕೆ.ಜಿ.ಎಫ್.ನಲ್ಲಿ ಅವರ ಮಾತೇ ಕೊನೆಯ ಮಾತಾಗಿತ್ತು. ಹೋದ ತಿಂಗಳು ಅವರು ತೀರಿಕೊಂಡರೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಾಗ ನನಗೆ ಅಳುವಿಗಿಂತ ಮೊದಲು ನಗು ಬಂತು. ತಪ್ಪು ತಿಳಿಯಬೇಡಿ. ಅವರನ್ನು ಬಲ್ಲ ಯಾರಿಗೇ ಆದರೂ ಹಾಗೆಯೇ ಆಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದೆ. ದಿನಾ ಬೆಳಿಗ್ಗೆ ಬಂಗಾರಪೇಟೆಯಿಂದ ಮಾರಿಕುಪ್ಪಂ ಗಾಡಿ ಹತ್ತಿ ಬರುತ್ತಿದ್ದೆ. ಸೇರಿದ ಮೊದಲ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅವರು ಮೇಲಿಂದ ಕೆಳಗೆ ನೋಡಿದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಬಲಗಡೆ ತೋಳು ಕಾಲಿಂಚು ಗಿಡ್ಡ ಐತೆ. ಬಿಚ್ಚಿ ಕೊಡು, ಸಂಜೆಗೆ ಸರಿ ಮಾಡ್ತೀನಿ" ಅಂದರು. ಹೊಸ ಕೆಲಸಕ್ಕೆಂದು ಹೊಲಿಸಿದ್ದ ರವಿಕೆ ಅದು. ಆಮೇಲೆ ಅಳೆದು ನೋಡಿದೆ. ಸರಿಯಾಗಿ ಕಾಲಿಂಚು.

ಆಗ ಅವರಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ತಮ್ಮನಿಗೆ ಗಣಿಯಲ್ಲಿ ಕೆಲಸ. ಟೀಚರ ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿತ್ತು, ಬೆಳಗಿನ ಪ್ರಾರ್ಥನೆಗೆ ನಿಂತಾಗಲೂ, ತರಕಾರಿ ಕೊಳ್ಳಲು ಹೋದಾಗಲೂ. ಮಾತಾಡುವಾಗ ತುಟಿಗಳ ನಡುವೆ ಎರಡು ಗುಂಡುಸೂಜಿ ಇರುತ್ತಿದ್ದುದರಿಂದ ಅರ್ಧ ಮಾತು ನಮಗೆ ತಿಳಿಯುತ್ತಿರಲಿಲ್ಲ. ಉಳಿದರ್ಧ ತಿಳಿಯುವುದಕ್ಕೂ ಅಭ್ಯಾಸ ಬೇಕಿತ್ತು. ಅವರು ಹುಟ್ಟಿದ್ದು ಕ್ಯಾಸಂಬಳ್ಳಿ ಕಡೆಯ ರೈತರ ಮನೆಯಲ್ಲಿ. 'ಹ'ಕಾರವನ್ನು ಎಂದೋ ಕತ್ತರಿಸಿ ಎಸೆದುಬಿಟ್ಟಿದ್ದರು. ನಮ್ಮ ಕನ್ನಡದ ಟೀಚರಿಗೆ ಇದು ದೊಡ್ಡ ಸಂಕಟ.

"ಒಲಿಗೆ ಅಲ್ಲ ರೀ, ಹೊಲಿಗೆ. ಹೊಲಿಗೆ ಅನ್ನಿ."

"ನೀವು ಅನ್ನಿ. ನಾನು ಒಲೀತೀನಿ" ಎಂದು ಇವರು ಮೆಷಿನ್ ತುಳಿಯುತ್ತಿದ್ದರು.

ಶಾಲೆಯಲ್ಲಿ ಹೊಲಿಗೆ ಟೀಚರಿಗೆ ಎಂಥಾ ಸ್ಥಾನವಿರುತ್ತದೆಂದು ಶಾಲೆಯಲ್ಲಿದ್ದವರಿಗೆಲ್ಲ ಗೊತ್ತು. ಸ್ಟಾಫ್ ಫೋಟೋದಲ್ಲಿ ಕೊನೆಯ ಕುರ್ಚಿ, ಮಳೆ ಬಂದರೆ ಸೋರುವ ಹಿಂದಿನ ಕೋಣೆ, ಎರಡು ಮೆಷಿನ್ನುಗಳಲ್ಲಿ ಓಡುವುದು ಒಂದು. ಪ್ರತಿ ವರ್ಷ ವಾರ್ಷಿಕೋತ್ಸವದ ನಾಟಕಕ್ಕೆ ಉಡುಪು ಹೊಲಿಯುವುದು ಅವರ ಪಾಲು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬರುವುದು ಕನ್ನಡದ ಟೀಚರದ್ದು. ಇದನ್ನು ಅವರು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುತ್ತಿರಲಿಲ್ಲ. ಅಥವಾ ಹಚ್ಚಿಕೊಂಡಿದ್ದರೂ ಗುಂಡುಸೂಜಿಗಳ ಹಿಂದೆ ಏನು ಹೇಳುತ್ತಿದ್ದರೋ ನಮಗೆ ಕೇಳಿಸುತ್ತಿರಲಿಲ್ಲ.

ಕೇಬಲ್ ಟೀವಿ ಬಂದದ್ದು ಆಗಲೇ. ಅವರ ಬೀದಿಯ ಕೇಬಲ್ಲಿನವನು ಮಹಡಿಯ ಮೇಲೆ ದೊಡ್ಡ ಬುಟ್ಟಿಯಂಥ ಡಿಶ್ ನಿಲ್ಲಿಸಿ, ಅದಕ್ಕೆ ಬಂದು ಬಿದ್ದದ್ದನ್ನೆಲ್ಲ ಮನೆಮನೆಗೆ ಹರಿಸುತ್ತಿದ್ದ. ಹಾಗೆ ಬಿದ್ದವುಗಳಲ್ಲಿ ಒಂದು ಚೀನೀ ಚಾನೆಲ್. ಸಂಜೆ ಆರಕ್ಕೆ ಅದರಲ್ಲೊಂದು ರಾಜರ ಕಾಲದ ಧಾರಾವಾಹಿ. ಮುದಿ ಚಕ್ರವರ್ತಿ, ಮೂವರು ಗಂಡುಮಕ್ಕಳು, ಅರಮನೆ, ಒಳಸಂಚು, ನಡುವೆ ಒಂದು ಪ್ರೇಮ. ಕೆಳಗೆ ಬರುತ್ತಿದ್ದ ಅಕ್ಷರಗಳೂ ಚೀನೀ. ಊರಿನವರೆಲ್ಲ ಕ್ಷಣದಲ್ಲಿ ದಾಟಿಸಿಬಿಡುತ್ತಿದ್ದ ಆ ಚಾನೆಲ್ಲಿನ ಮುಂದೆ ನಮ್ಮ ಟೀಚರು ಕೂತುಬಿಟ್ಟರು. ತಮ್ಮನ ಹೆಂಡತಿಗೆ ಆ ಹೊತ್ತಿಗೆ ತಮಿಳು ಹಾಡು ಬೇಕಿತ್ತು. ವರ್ಷದ ರವಿಕೆಗಳನ್ನೆಲ್ಲ ಹೊಲಿದುಕೊಡುತ್ತೇನೆಂದು ಒಪ್ಪಂದ ಮಾಡಿಕೊಂಡು ಆ ಅರ್ಧ ಗಂಟೆಯನ್ನು ಪಡೆದರಂತೆ.

"ಏನು ನೋಡ್ತೀರ ಟೀಚರ್, ಅರ್ಥ ಆಗುತ್ತಾ?" ಎಂದು ಕೇಳಿದೆ.

"ಮಾತು ಯಾಕಮ್ಮಿ? ಬಟ್ಟೆ ಕಾಣಿಸ್ತದಲ್ಲ."

ನಿಜಕ್ಕೂ ಅವರು ನೋಡುತ್ತಿದ್ದದ್ದು ಬಟ್ಟೆಯನ್ನೇ. ಕತೆಯನ್ನು ಬಟ್ಟೆಯಿಂದ ಬಿಡಿಸಿಕೊಳ್ಳುತ್ತಿದ್ದರು. ಮಾರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತಾ ನಮಗೆ ವರದಿ. ಹೆಸರುಗಳನ್ನೂ ಅವರೇ ಇಟ್ಟರು. ಚಕ್ರವರ್ತಿ 'ಅಳದಿ ಮುದುಕ', ಅಂದರೆ ಹಳದಿ ಅಂಗಿಯ ಮುದುಕ. ಹಿರಿಯ ಮಗ 'ಕಪ್ಪಂಚು'. ನಡುವಿನವನು, ಮೈತುಂಬ ಕಸೂತಿ ಹೊದ್ದ ಚೆಲುವ, 'ಜರಿ'. ಕಿರಿಯವನು ಬೂದು ಬಣ್ಣದ ಸಾದಾ ಅಂಗಿಯವನು. ಒಮ್ಮೆ ಅವನ ಮೊಣಕೈ ಹತ್ತಿರ ಹರಿದಿತ್ತು. ಅರಮನೆಯ ಹೊಲಿಗೆ ಮನೆಯ ಹುಡುಗಿಯೊಬ್ಬಳು ಅದಕ್ಕೆ ತೇಪೆ ಹಾಕಿದಳು. ಅಂದಿನಿಂದ ಅವನು 'ತೇಪೆ', ಅವಳು 'ಸೂಜಿ'.

ಎರಡು ವಾರದಲ್ಲಿ ಸ್ಟಾಫ್ ರೂಮು ಮೂರು ಪಕ್ಷವಾಯಿತು. ಲೆಕ್ಕದ ಟೀಚರು ನ್ಯಾಯವಾಗಿ ಹಿರಿಯವನಿಗೇ ಪಟ್ಟ ಎಂದು ಕಪ್ಪಂಚಿನ ಕಡೆ ನಿಂತರು. ಹಿಂದಿ ಟೀಚರು ಜರಿಯ ರೂಪವನ್ನು ಕಾಣದೆಯೇ ಮೆಚ್ಚಿದರು. ನಾನು ತೇಪೆಯ ಪಕ್ಷ. ನಮ್ಮ ಹೆಡ್ಮಿಸ್ಟ್ರೆಸ್ಸು, ನಾವೆಲ್ಲ ದೊಡ್ಡ ಮೇಡಂ ಅನ್ನುತ್ತಿದ್ದೆವು, ಇಂಥ ಹರಟೆಗೆ ಕಿವಿಗೊಡುವವರಲ್ಲ. ಆದರೆ ಒಂದು ದಿನ ಹಾಜರಿ ಪುಸ್ತಕ ತಿರುವುತ್ತಾ, ತಲೆಯೆತ್ತದೆ, "ನಿನ್ನೆ ಆ ಜರಿಯವನು ಏನು ಮಾಡಿದನಂತೆ?" ಎಂದು ಕೇಳಿಬಿಟ್ಟರು.

"ಅಪ್ಪನ ಮುಂದೆ ಬಂದ ಮೇಡಂ. ದಿನಾ ತೋಳು ಇಳಿಬಿಟ್ಕೊಂಡು ಬರೋನು, ನಿನ್ನೆ ಮಡಿಸ್ಕೊಂಡಿದ್ದ. ಒಳಗೇನೋ ಇಟ್ಕೊಂಡವ್ನೆ."

ಮೂರನೆಯ ದಿನ ಜರಿಯ ತೋಳಿನಿಂದ ಒಂದು ಸಣ್ಣ ಸೀಸೆ ಈಚೆ ಬಂತು, ವಿಷ. ಲೆಕ್ಕದ ಟೀಚರು ತುತ್ತು ಕೈಯಲ್ಲೇ ಹಿಡಿದು ಕೂತರು.

ಯಾವಾಗಲೂ ಸರಿಯಾಗುತ್ತಿತ್ತೆಂದು ಮಾತ್ರ ತಿಳಿಯಬೇಡಿ. ಬಿಳಿಗಡ್ಡದ ಮಂತ್ರಿಯೊಬ್ಬ ಸತ್ತನೆಂದು ಒಂದು ಮಧ್ಯಾಹ್ನ ಹೇಳಿ ನಮ್ಮನ್ನೆಲ್ಲ ಮಂಕಾಗಿಸಿದರು. ಮನೆಯವರೆಲ್ಲ ಬಿಳಿ ಉಟ್ಟಿದ್ದರಂತೆ. ನಾಲ್ಕು ದಿನದ ಮೇಲೆ ಅದೇ ಮಂತ್ರಿ ಕೂತು ಶಾವಿಗೆ ತಿನ್ನುತ್ತಿದ್ದ.

"ಸತ್ತ ಅಂದಿದ್ರಿ?"

"ಬದುಕ್ಬುಟ್ಟ" ಅಂದರು, ಒಂದು ಚೂರೂ ನಾಚದೆ.

ಆ ವರ್ಷ ಕನ್ನಡದ ಟೀಚರು ಹೆರಿಗೆ ರಜೆಯ ಮೇಲೆ ಹೋದರು. ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುವವರಿಲ್ಲ. ದೊಡ್ಡ ಮೇಡಂ ಮೀಟಿಂಗಿನಲ್ಲಿ ಒಬ್ಬೊಬ್ಬರ ಮುಖ ನೋಡಿದರು. ನಾವು ಒಬ್ಬೊಬ್ಬರೂ ಕಿಟಕಿ ನೋಡಿದೆವು. ಕೊನೆಯ ಕುರ್ಚಿಯಿಂದ ದನಿ ಬಂತು. "ನಾನು ಮಾಡಿಸ್ತೀನಿ ಮೇಡಂ." ಬಾಯಲ್ಲಿ ಗುಂಡುಸೂಜಿ ಇರಲಿಲ್ಲವಾಗಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

"ಯಾವ ನಾಟಕ?"

"ತೇಪೆ, ಸೂಜಿ ಕತೆ."

ಹಿಂದಿ ಟೀಚರು ನಕ್ಕೇಬಿಟ್ಟರು. ದೊಡ್ಡ ಮೇಡಂ ನಗಲಿಲ್ಲ. ಅವರಿಗೂ ಆ ಕತೆಯನ್ನು ಕಣ್ಣಾರೆ ನೋಡುವ ಆಸೆಯಿತ್ತೆಂದು ನನ್ನ ಅನುಮಾನ. ಒಪ್ಪಿಕೊಂಡರು. ಅಷ್ಟೇ ಅಲ್ಲ, ಚಕ್ರವರ್ತಿಯ ಅಂಗಿಗೆ ತಮ್ಮ ಹಳೆಯ ಹಳದಿ ಸೀರೆಯನ್ನೂ ಕೊಟ್ಟರು.

ಹಿಂದಿನ ಕೋಣೆ ಅರಮನೆಯಾಯಿತು. ಶಾಲೆಯ ಹಳೆಯ ಪರದೆ, ಮುರಿದ ಕೊಡೆಗಳ ಕಪ್ಪು ಬಟ್ಟೆ, ಚಪ್ಪಲಿ ಪೆಟ್ಟಿಗೆಯ ರಟ್ಟು, ಎಲ್ಲವೂ ಚೀನಾಕ್ಕೆ ಹೋದವು. ಗಾಳಿ ಎದ್ದ ದಿನ, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬದ ದೂಳು ಒಣಹಾಕಿದ ಹಳದಿ ಅಂಗಿಯ ಮೇಲೆ ಕೂರದಂತೆ ಟೀಚರು ಅದರ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದರು. ಪಾತ್ರಧಾರಿಗಳೆಲ್ಲ ಏಳನೆಯ ತರಗತಿಯ ಹುಡುಗಿಯರು. ಸೂಜಿಯ ಪಾತ್ರಕ್ಕೆ ಗಣಿ ಕಾರ್ಮಿಕರ ಲೈನಿನ ಮನೆಯ ತೆಳ್ಳನೆಯ ಹುಡುಗಿಯೊಬ್ಬಳನ್ನು ಆರಿಸಿದರು. ಮನೆಮಾತು ತಮಿಳು, ಕನ್ನಡ ತಡವರಿಸುತ್ತಿತ್ತು. ನಾನು ಬೇರೆ ಹುಡುಗಿಯನ್ನು ಸೂಚಿಸಿದಾಗ, "ಇವಳಿಗೆ ಗುಂಡಿಗೆ ಕಾಜ ಒಲಿಯಕ್ಕೆ ಬತ್ತದೆ" ಅಂದರು. ಅವರ ಪ್ರಕಾರ ಅಭಿನಯಕ್ಕೆ ಅಷ್ಟು ಸಾಕು.

ನಾಟಕಕ್ಕೆ ಮೂರು ವಾರವಿದ್ದಾಗ ಚಾನೆಲ್ ನಿಂತುಹೋಯಿತು. ಅತ್ತ ಧಾರಾವಾಹಿಯಲ್ಲಿ ಹಳದಿ ಮುದುಕ ಹಾಸಿಗೆ ಹಿಡಿದಿದ್ದ, ಉತ್ತರಾಧಿಕಾರಿಯ ಹೆಸರು ಬರೆದು ಮುದ್ರೆ ಒತ್ತಿ ಇಟ್ಟಿದ್ದ, ಸೂಜಿಯನ್ನು ಅರಮನೆಯ ಒಳಕ್ಕೆ ಕರೆಸಿದ್ದರು. ಮಾರನೆಯ ಸಂಜೆ ಆರಕ್ಕೆ ಟೀವಿ ಹಾಕಿದರೆ ತಮಿಳು ಹಾಡು. ನಾದಿನಿ ತಾನೇನೂ ಮಾಡಲಿಲ್ಲವೆಂದು ಆಣೆ ಇಟ್ಟಳಂತೆ.

ಮರುದಿನ ಶಾಲೆ ಬಿಟ್ಟ ಕೂಡಲೇ ನನ್ನ ಕೈ ಹಿಡಿದು ಕೇಬಲ್ಲಿನವನ ಮನೆಗೆ ಎಳೆದುಕೊಂಡು ಹೋದರು. ಅವನ ತಂಗಿ ಇವರ ಹಳೆಯ ವಿದ್ಯಾರ್ಥಿನಿ.

"ಏನ್ಲಾ, ನಮ್ಮ ಚೀನಾ ಎಲ್ಲಿ ಓಯ್ತು?"

"ಟೀಚರಮ್ಮಾ, ಸತ್ಯಮಾ ನಾನು ತೆಗೀಲಿಲ್ಲ" ಅಂದ ಅವನು, ಎದ್ದು ನಿಂತು. "ಆ ಚಾನೆಲ್‌ಗೆ ಈಗ ಬೇರೆ ಪೆಟ್ಟಿಗೆ ಬೇಕಂತೆ. ಇಲ್ಲಿ ಎಲ್ಲೂ ಸಿಗಲ್ಲ. ಆಕಾಶದಲ್ಲೇ ಬೀಗ ಹಾಕ್‌ಬಿಟ್ರು."

"ನಿನ್ನ ಬುಟ್ಟಿ ಆ ಕಡೆ ವಸಿ ತಿರುಗ್ಸಿ ನೋಡು."

"ಬೀಗ ಹಾಕಿದ ಮೇಲೆ ಬುಟ್ಟಿ ತಿರುಗಿಸಿ ಏನು ಟೀಚರಮ್ಮಾ? ಇಡೀ ಪೇಟೆಯಲ್ಲಿ ಅದನ್ನ ನೋಡ್ತಿದ್ದೋರು ನೀವು ಒಬ್ರೇ."

ಟೀಚರು ಆ ಡಿಶ್ಶಿನ ಕಡೆ ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದರು. ಅವರು ಅಷ್ಟು ಕುಗ್ಗಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಕೊನೆಯನ್ನು ನಾವೇ ಕಟ್ಟಿಬಿಡೋಣ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ಅವರು ಸುತರಾಂ ಒಪ್ಪಲಿಲ್ಲ. "ಇದುವರ್ಗೂ ನಾನು ಒಂದು ಸುಳ್ಳು ಏಳಿಲ್ಲ."

"ಮಂತ್ರಿ ಸತ್ತ ಅಂದಿದ್ದು?" ಎಂದು ಕೆಣಕಿದೆ.

"ಅದು ತಪ್ಪು ಕಣಮ್ಮಿ, ಸುಳ್ಳಲ್ಲ."

ಆ ಶುಕ್ರವಾರ ಸುಮ್ಮನೆ ಬಾಯಿತಪ್ಪಿ, ಬೆಂಗಳೂರಿನಲ್ಲಿ ನಮ್ಮ ಸೋದರಮಾವ ಹಲ್ಲು ಕಟ್ಟಿಸಿಕೊಂಡದ್ದು ಒಬ್ಬ ಚೀನೀ ದಂತವೈದ್ಯರ ಹತ್ತಿರ ಎಂದೆ. ಶನಿವಾರ ಬೆಳಗಿನ ತರಗತಿ ಮುಗಿಸಿ ನಾವಿಬ್ಬರೂ ಬಂಗಾರಪೇಟೆಯಲ್ಲಿ ಬೆಂಗಳೂರಿನ ಗಾಡಿ ಹತ್ತಿದ್ದೆವು.

ವೈದ್ಯರು ನಲವತ್ತರ ಸೌಮ್ಯ ಮನುಷ್ಯ. ಟೀಚರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ವೈದ್ಯರು ದೀಪ ಹಿಡಿದು ಒಂದೊಂದೇ ಹಲ್ಲು ತಟ್ಟಿ ನೋಡಿ, ಅಚ್ಚ ಬೆಂಗಳೂರು ಕನ್ನಡದಲ್ಲಿ ಕೇಳಿದರು. "ಎಲ್ಲಾ ಗಟ್ಟಿಯಾಗಿದೆಯಲ್ಲಮ್ಮ. ಯಾವ ಹಲ್ಲು ನೋವು?"

"ಅಲ್ಲೆಲ್ಲಾ ಚೆನ್ನಾಗವೆ ಡಾಕ್ಟ್ರೇ. ತೇಪೆಗೆ ಪಟ್ಟ ಸಿಕ್ತಾ?"

ನಾನು ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಮೇಲೆ ನಾನೇ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ವೈದ್ಯರು ದೀಪ ಆರಿಸಿ ಗಟ್ಟಿಯಾಗಿ ನಕ್ಕರು. "ಅಮ್ಮಾ, ನಾನು ಹುಟ್ಟಿದ್ದು ಶಿವಾಜಿನಗರದಲ್ಲಿ. ನನಗೆ ಆ ಅಕ್ಷರ ಓದೋಕೂ ಬರಲ್ಲ. ಬಂದೋರೆಲ್ಲ ನೂಡಲ್ಸ್ ಮಾಡೋದು ಹೇಗೆ ಅಂತ ಕೇಳ್ತಾರೆ. ಸಿಂಹಾಸನದ ವಿಷಯ ಕೇಳಿದೋರು ನೀವೇ ಮೊದಲು." ಆಮೇಲೆ, "ತಡೀರಿ, ನಮ್ಮಮ್ಮ ಇದ್ದಾರೆ" ಎಂದು ಒಳಗೆ ಹೋದರು.

ಅವರ ತಾಯಿ ಎಂಬತ್ತರ ಹತ್ತಿರದ ಪುಟ್ಟ ಹೆಂಗಸು. ಬಂಧುಗಳು ಕಳಿಸುವ ವಿಡಿಯೋ ಕ್ಯಾಸೆಟ್ಟುಗಳನ್ನು ನೋಡುವುದೇ ಅವರ ದಿನಚರಿ. ಕತೆಯ ಗುರುತು ಹೇಗೆ ಹೇಳುವುದು? ನಮ್ಮ ಹತ್ತಿರ ಇದ್ದದ್ದು ತೇಪೆ, ಜರಿ, ಕಪ್ಪಂಚು. ಟೀಚರು ಚೀಲದಿಂದ ಬಟ್ಟೆ ಚೂರುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು: ಹಳದಿ, ಕಪ್ಪು ಅಂಚು, ಕಸೂತಿ, ಬೂದು. ಬೂದು ಚೂರಿನ ಮೇಲೆ ಅಲ್ಲೇ ಸೂಜಿ ಪೋಣಿಸಿ ಒಂದು ತೇಪೆ ಹಾಕತೊಡಗಿದರು. ನಾಲ್ಕನೆಯ ಹೊಲಿಗೆಗೆ ಆ ಅಜ್ಜಿಯ ಮುಖ ಅರಳಿತು. ಅವರ ಮಾತು ಶುರುವಾಯಿತು. ಮಗ ಕನ್ನಡಕ್ಕೆ ತಿರುಗಿಸಿದರು.

ಪಟ್ಟ ಕಿರಿಯವನಿಗೇ ಸಿಕ್ಕಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವನು ಸೂಜಿಯನ್ನು ರಾಣಿಯಾಗು ಎಂದು ಕೇಳಿದ. ಅವಳು ಅವನ ಪಟ್ಟದ ಅಂಗಿಯನ್ನು ತಾನೇ ಕೂತು ಹೊಲಿದಳು. ಹೊಲಿದು, ತೊಡಿಸಿ, ತನ್ನ ಊರಿಗೆ ಹೊರಟುಹೋದಳು.

"ಯಾಕಂತೆ? ಅವನು ಬ್ಯಾಡವಾಗಿದ್ನಾ?" ಟೀಚರ ದನಿ ತಗ್ಗಿತ್ತು.

ಅಜ್ಜಿ ತಲೆಯಾಡಿಸಿ ಏನೋ ಹೇಳಿದರು. ಮಗ ಹೇಳಿದರು: "ಬೇಕಾಗಿದ್ದ. ಆದರೆ ರಾಣಿಯಾದ ಮೇಲೆ ಅವಳಿಗೆ ಸೂಜಿ ಮುಟ್ಟೋಕೆ ಬಿಡಲ್ಲವಂತೆ."

ವಾಪಸ್ಸು ಬರುವಾಗ ಗಾಡಿ ಮಾಲೂರು ದಾಟಿತು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಟೀಚರು ಹೇಳಿದರು.

"ನನ್ನನ್ನ ಯಾರೂ ಕೇಳ್ಲಿಲ್ಲ ಅಂತ ನೀವೆಲ್ಲಾ ಅಂದ್ಕೊಂಡಿದ್ದೀರ, ಅಲ್ವಾ?"

ನಾವೆಲ್ಲ ಹಾಗೆಯೇ ಅಂದುಕೊಂಡಿದ್ದೆವು.

"ಬಂಗಾರಪೇಟೆ ಜವಳಿ ಅಂಗಡಿಯೋರು. ಅವರೇ ಬಂದು ಕೇಳಿದ್ರು. ಕೂತು ಉಣ್ಣೋಂಥ ಮನೆ. ಒಂದೇ ಮಾತು ಅಂದ್ರು, ನಮ್ಮ ಮನೆ ಸೊಸೆ ಊರೋರ ಬಟ್ಟೆ ಒಲಿಯಂಗಿಲ್ಲ ಅಂತ. ನಾನೇ ಬ್ಯಾಡ ಅಂದೆ."

"ಹುಡುಗ ಹೇಗಿದ್ದರು?"

"ಚೆನ್ನಾಗಿದ್ದ ಕಣಮ್ಮಿ." ಆಮೇಲೆ, "ಅಷ್ಟು ದೊಡ್ಡ ಜವಳಿ ಅಂಗಡಿ ಇಟ್ಕೊಂಡು ಸರ್ಟು ಮಾತ್ರ ಅದೆಂಗೆ ಆಕ್ಕೊಂಡಿದ್ದ ಅಂತೀಯ! ಭುಜ ಒಂದು ಕಡೆ, ಒಲಿಗೆ ಒಂದು ಕಡೆ" ಅಂದರು. ಇಬ್ಬರೂ ನಕ್ಕೆವು. ಅವರ ನಗು ಮೊದಲು ನಿಂತಿತು.

ಸೋಮವಾರ ನಾಟಕದ ಕೊನೆಯನ್ನು ಕೇಳಿ ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಧಿಕಾರಿಗಳು ಬರ್ತಾರೆ, ತಾಯಂದಿರು ಬರ್ತಾರೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಹುಡುಗಿ ರಾಜನನ್ನೇ ಬೇಡ ಅಂತ ಎದ್ದು ಹೋದರೆ ಉತ್ತರ ಹೇಳಬೇಕಾದವಳು ನಾನು. ಮದುವೆ ಮಾಡಿಸಿ ಮುಗಿಸಿ."

"ಕತೆ ಅಂಗಿಲ್ಲ ಮೇಡಂ."

"ಅಂಗಿ ಇಲ್ಲದಿದ್ದರೆ ಹೊಲಿಸಿ. ಇನ್ನೂ ಎರಡು ವಾರ ಇದೆ."

ದೊಡ್ಡ ಮೇಡಂ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆದರೆ ಅಪ್ಪಣೆ ಅಪ್ಪಣೆಯೇ. ಟೀಚರು ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ಜಗಳವಾಡುತ್ತಾರೆಂದು ನಾನು ಕಾದೆ. "ಆಗಲಿ ಮೇಡಂ" ಎಂದು ಹೊರಟುಹೋದರು. ನನಗೆ ಕೋಪವೇ ಬಂತು. ಅಷ್ಟು ದೂರ ಹೋಗಿ ಹಲ್ಲು ತೋರಿಸಿ ಬಂದದ್ದು ಇದಕ್ಕಾಗಿಯೇ ಎಂದು ಕೇಳಿದೆ. ಅವರು ಮೆಷಿನ್ನಿನಿಂದ ತಲೆಯೆತ್ತಲಿಲ್ಲ. ಬಾಯಲ್ಲಿ ಗುಂಡುಸೂಜಿಗಳಿದ್ದವು.

ಅಂದಿನಿಂದ ಹುಡುಗಿಯರು ಮದುವೆಯ ದೃಶ್ಯವನ್ನೇ ಅಭ್ಯಾಸ ಮಾಡಿದರು. ರಾಣಿಯ ಅಂಗಿ ಮಾತ್ರ ಮುಗಿದಿರಲಿಲ್ಲ. ಕೇಳಿದಾಗಲೆಲ್ಲ "ಇನ್ನೂ ಕೆಲಸ ಐತೆ" ಅನ್ನುವರು.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಮೂರಕ್ಕೇ ಶಾಲೆಯ ಅಂಗಳ ತುಂಬಿತು. ನಾಟಕ ಚೆನ್ನಾಗಿಯೇ ನಡೆಯಿತು. ಹಳದಿ ಮುದುಕ ಸತ್ತಾಗ ಮುಂದಿನ ಸಾಲಿನ ಮಗುವೊಂದು ಅತ್ತಿತು. ಜರಿಯ ಸೀಸೆಗೆ ಜನ ಬೈದರು. ತೇಪೆಗೆ ಪಟ್ಟವಾಯಿತು. ಸಖಿಯರು ರಾಣಿಯ ಅಂಗಿ ತಂದು ಸೂಜಿಗೆ ಉಟ್ಟ ಬಟ್ಟೆಯ ಮೇಲೆಯೇ ತೊಡಿಸಿದರು. ಕೆಂಪು ಬಟ್ಟೆ, ಅಂಚಿಗೆಲ್ಲ ಹೂವು. ನೋಡಿದವರೆಲ್ಲ 'ಅಬ್ಬ' ಅಂದರು. ತೋಳುಗಳು ಉದ್ದ. ಕೈಯನ್ನು ದಾಟಿ ಇನ್ನೂ ಒಂದು ಮೊಳ ಕೆಳಗೆ ಇಳಿಬಿದ್ದಿದ್ದವು.

ಹುಡುಗಿ ಹೂಮಾಲೆ ಎತ್ತಿಕೊಳ್ಳಲು ಬಾಗಿದಳು. ಕೈ ಸಿಗಲಿಲ್ಲ. ಬಟ್ಟೆಯೊಳಗಿನಿಂದಲೇ ಹಿಡಿಯಲು ನೋಡಿದಳು. ಮಾಲೆ ಜಾರಿ ಬಿತ್ತು. ಜನ ನಕ್ಕರು. ತೋಳನ್ನು ಮೇಲಕ್ಕೆ ಸರಿಸಿಕೊಂಡಳು. ಅದು ಮತ್ತೆ ಇಳಿಯಿತು. ತೇಪೆಯಾಗಿದ್ದ ಹುಡುಗಿ "ಎತ್ತೇ, ಎತ್ತೇ" ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಕೇಳಿಸಿತು. ಸೂಜಿ ತನ್ನ ಎರಡು ತೋಳುಗಳನ್ನೂ ಮುಂದೆ ಚಾಚಿ, ಕೈಗಳಿರಬೇಕಾದ ಕಡೆ ನೋಡುತ್ತಾ ನಿಂತಳು. ನಗು ನಿಧಾನವಾಗಿ ನಿಂತಿತು. ಅವಳು ಅಂಗಿಯನ್ನು ಬಿಚ್ಚಿ, ನೆರಿಗೆ ಕೂಡದಂತೆ ನಾಲ್ಕು ಮಡಿಕೆ ಮಾಡಿ, ರಾಜನ ಕೈಗೆ ಕೊಟ್ಟಳು.

"ಇದರಲ್ಲಿ ನನ್ನ ಕೈ ಕಾಣಿಸಲ್ಲ ಮಹಾಪ್ರಭು" ಅಂದಳು, ಒಂದಿಷ್ಟೂ ತಡವರಿಸದೆ. ವೇದಿಕೆಯ ಮೆಟ್ಟಿಲಿಳಿದು, ಅಂಗಳದ ನಡುವೆ ಜನ ಬಿಟ್ಟುಕೊಟ್ಟ ದಾರಿಯಲ್ಲಿ ನಡೆದುಹೋದಳು.

ಪರದೆ ಎಳೆಯಬೇಕಾದವರು ಮರೆತು ನಿಂತಿದ್ದರು. ಮೊದಲು ಚಪ್ಪಾಳೆ ತಟ್ಟಿದ್ದು ಹಿಂದೆ ನಿಂತಿದ್ದ ಲೈನಿನ ಹೆಂಗಸರು. ಆಮೇಲೆ ಯಾರು ತಟ್ಟಲಿಲ್ಲವೆಂದು ಹೇಳುವುದು ಕಷ್ಟ. ಆ ಹುಡುಗಿಯನ್ನು ನಾನು ಪ್ರತ್ಯೇಕವಾಗಿ ಕೇಳಿದೆ, ಟೀಚರು ಹೇಳಿಕೊಟ್ಟಿದ್ದರಾ ಎಂದು. "ಇಲ್ಲ ಮಿಸ್. ಅಂಗಿ ಹಾಕ್ಕೊಂಡ ಮೇಲೆ ಗೊತ್ತಾಯ್ತು" ಅಂದಳು.

ದೊಡ್ಡ ಮೇಡಂ ಹಿಂದಿನ ಕೋಣೆಗೆ ಬಂದರು. ಟೀಚರು ಕೆಂಪು ಅಂಗಿಯನ್ನು ಟ್ರಂಕಿಗೆ ಹಾಕುತ್ತಿದ್ದರು.

"ತೋಳು ಒಂದು ಮೊಳ ಉದ್ದ ಬಂದಿತ್ತಲ್ಲ?"

"ತಪ್ಪಾಯ್ತು ಮೇಡಂ. ಅಳತೆ ತಪ್ತು."

ಕಾಲಿಂಚನ್ನು ಕಣ್ಣಳತೆಯಲ್ಲೇ ಹಿಡಿಯುತ್ತಿದ್ದ ಹೆಂಗಸು! ದೊಡ್ಡ ಮೇಡಂ ಅವರನ್ನೇ ದಿಟ್ಟಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಮುಂದಿನ ವರ್ಷದ ನಾಟಕಕ್ಕೂ ನೀವೇ ನೋಡಿಕೊಳ್ಳಿ" ಎಂದು ಹೊರಟರು. ನಿವೃತ್ತರಾಗುವ ತನಕ ಟೀಚರೇ ನೋಡಿಕೊಂಡರು. ಆಹ್ವಾನ ಪತ್ರಿಕೆಯಲ್ಲಿ ಹೆಸರೂ ಬಂತು. ಅಚ್ಚಿನಲ್ಲಿ ಒಂದಕ್ಷರ ತಪ್ಪಾಗಿತ್ತು. ಅವರು ಗಮನಿಸಲಿಲ್ಲ, ನಾವು ಹೇಳಲಿಲ್ಲ.

ನನಗೆ ಮದುವೆಯಾಗಿ ಮುಳಬಾಗಿಲಿಗೆ ವರ್ಗವಾಯಿತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ನಾದಿನಿ ಟೀವಿಯಲ್ಲಿ ಕನ್ನಡ ಧಾರಾವಾಹಿ ನೋಡುತ್ತಿದ್ದಳು. ಟೀಚರು ಅದಕ್ಕೆ ಬೆನ್ನು ಹಾಕಿ ಬಾಗಿಲಲ್ಲಿ ಕೂತು ಪಕ್ಕದ ಮನೆಯ ಮಗುವಿನ ಲಂಗಕ್ಕೆ ಅಂಚು ಮಡಿಸುತ್ತಿದ್ದರು.

"ಈಗ ಕನ್ನಡದಲ್ಲೇ ಬರುತ್ತವಲ್ಲ ಟೀಚರ್, ನೋಡಲ್ವಾ?" ಎಂದೆ.

"ನೋಡಕ್ಕೇನೈತೆ?" ಎಂದು ಅವರು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. "ಎಲ್ಲಾ ಅವರೇ ಬಾಯ್ಬಿಟ್ಟು ಏಳ್ಬುಡ್ತಾರೆ ಕಣಮ್ಮಿ. ನಮಗೇನು ಕೆಲಸ ಉಳೀತು?"